ರೇಡಿಯೇಟರ್ ಪುರಾಣ

ಮನುಷ್ಯ ನೀರಡಿಸಿದರೆ ಬಾಯಿಬಿಟ್ಟು ಕೇಳುತ್ತಾನೆ. ಎತ್ತು ಕೊರಳೆತ್ತಿ ನೋಡುತ್ತದೆ. ಯಂತ್ರವಾದರೋ ಮೂಕ. ಕುದಿದು ಆವಿಯುಗುಳಿದಾಗಲೇ ಅದರ ಸಂಕಟ ನಮಗೆ ತಿಳಿಯುವುದು. ಆ ವೇಳೆಗೆ ಕಾಲ ಮಿಂಚಿರುತ್ತದೆ.

ನನ್ನ ಸೋದರಮಾವನವರು ಸಾಲ ಮಾಡಿ ಒಂದು ಡೋಜರ್ ಕೊಂಡಿದ್ದಾರೆ. ಮನೆಯ ಒಲೆಯೂ ನನ್ನ ಕಾಲೇಜಿನ ಶುಲ್ಕವೂ ಅದರ ಎಂಜಿನ್ನಿನ ಆರೋಗ್ಯವನ್ನೇ ನಂಬಿವೆ. ಆದ್ದರಿಂದ ಕಲಾ ವಿಭಾಗದ ವಿದ್ಯಾರ್ಥಿಯಾದ ನಾನೂ ರಜೆಯಲ್ಲಿ ರೇಡಿಯೇಟರ್ ಶಾಸ್ತ್ರವನ್ನು ಅಷ್ಟಿಷ್ಟು ಕಲಿಯಬೇಕಾಯಿತು.

“ಬರಿಯ ನೀರು ಸಾಲದೇ ಮಾವ? ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವ ಚಳಿ ಎಲ್ಲಿದೆ?” ಎಂದು ಕೇಳಿದೆ.

“ಚಳಿಗಲ್ಲಪ್ಪಾ, ಬಿಸಿಲಿಗೆ, ತುಕ್ಕಿಗೆ” ಎಂದರು.

ಎಥಿಲೀನ್ ಗ್ಲೈಕಾಲನ್ನೂ ಶುದ್ಧ ನೀರನ್ನೂ ಸಮನಾಗಿ ಬೆರೆಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ಅದು ಹೆಪ್ಪುಗಟ್ಟದು. ಲಡಾಖಿನಲ್ಲಿ ರಸ್ತೆ ಕಡಿಯುವ ಯಂತ್ರಗಳಿಗೆ ಇದೇ ಪ್ರಾಣರಕ್ಷೆ. ನಮಗೆ ಲಾಭ ಬೇರೆ: ಅದು 100 ಡಿಗ್ರಿಗೆ ಕುದಿಯದು, ಮುಚ್ಚಳದ ಒತ್ತಡವೂ ಸೇರಿದರೆ ಇನ್ನಷ್ಟು ತಾಳುತ್ತದೆ.

ಕೊಳವೆಬಾವಿಯ ನೀರು ಸುರಿದರೆ, ಸ್ನಾನದ ಹಂಡೆಯೊಳಗೆ ಕಟ್ಟುವಂತಹ ಸುಣ್ಣದ ಹಕ್ಕಳೆ ಎಂಜಿನ್ನಿನಲ್ಲೂ ಕಟ್ಟಿ ಶಾಖವನ್ನು ಹೊರಗೆ ಬಿಡದು. ಅದಕ್ಕಿಂತ ದೊಡ್ಡ ಶತ್ರು ನೀರಿನ ಗುಳ್ಳೆ! ಡೀಸೆಲ್ ಎಂಜಿನ್ನಿನ ಹೊಡೆತಕ್ಕೆ ಸಿಲಿಂಡರ್ ಲೈನರ್ ಅದುರುತ್ತದೆ. ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದೊಡೆದು ಕಬ್ಬಿಣವನ್ನೇ ಕೊರೆದು ತೂತು ಮಾಡುತ್ತವೆ. ಆಮೇಲೆ ನೀರು ಎಣ್ಣೆಗಿಳಿದು, ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕೂಲೆಂಟಿನಲ್ಲಿರುವ ರಾಸಾಯನಿಕಗಳು ಲೈನರಿನ ಮೇಲೆ ತೆಳುಪೊರೆ ಕಟ್ಟಿ ಇದನ್ನು ತಡೆಯುತ್ತವೆ. ಆದರೆ ಅವು ದಿನಕಳೆದಂತೆ ಸವೆಯುತ್ತವೆ; ಕಡಮೆಯಾದಾಗಲೆಲ್ಲ ನೀರನ್ನೇ ತುಂಬಿದರೆ ತೆಳುವಾಗಿಯೂ ಹೋಗುತ್ತವೆ. ಬಣ್ಣ ಹಸುರಾಗಿದ್ದ ಮಾತ್ರಕ್ಕೆ ಗುಣ ಉಳಿದಿದೆಯೆಂದು ನಂಬುವಂತಿಲ್ಲ. ಪರೀಕ್ಷಿಸಿ, ಕಾಲಕಾಲಕ್ಕೆ ಬದಲಿಸಲೇಬೇಕು.

ಮಾವನವರು ಎಂಜಿನ್ ತಣ್ಣಗಿರುವ ಮುಂಜಾನೆಯಲ್ಲಿ ಮಾತ್ರ ಮುಚ್ಚಳ ತೆರೆಯುತ್ತಾರೆ. ಬಿಸಿಯಿದ್ದಾಗ ತೆರೆದರೆ ಒತ್ತಡ ತಟ್ಟನೆ ಇಳಿದು ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಹಳೆಯ ಕೂಲೆಂಟನ್ನು ಡಬ್ಬಿಯಲ್ಲೇ ಹಿಡಿದು ಬಿಗಿಯಾಗಿ ಮುಚ್ಚುತ್ತಾರೆ. ಅದರ ರುಚಿ ಸಿಹಿಯಂತೆ. ಆದರೆ ಮೂತ್ರಪಿಂಡವನ್ನು ಕೆಡಿಸುವ ವಿಷ. ನಾಯಿಯೋ ಕರುವೋ ನೆಕ್ಕಿದರೆ ಗತಿಯೇನು?

ಮೊದಮೊದಲು ಅತ್ತೆ, “ನೀರಿಗೂ ದುಡ್ಡೇ?” ಎಂದು ಗೊಣಗುತ್ತಿದ್ದರು. ಲೈನರ್ ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು, ಅಷ್ಟು ದಿನ ದುಡಿಮೆ ನಿಂತರೂ ಬ್ಯಾಂಕಿನ ಕಂತು ನಿಲ್ಲದು ಎಂಬುದನ್ನು ತಿಳಿದಮೇಲೆ ಸುಮ್ಮನಾದರು. ಸಾಲ ತೀರಲು ಇನ್ನು ಎರಡು ವರ್ಷ ಬೇಕು. ನನ್ನ ಪದವಿ ಮುಗಿಯಲೂ ಅಷ್ಟೇ. ಅಲ್ಲಿಯವರೆಗೆ ಆ ತೆಳುಪೊರೆ ಬಾಳಲಿ!