ವಿಟಮಿನ್ ತಾನೇ ಅಂತ...

ಭಾನುವಾರ ಅಂದ್ರೆ ಅಮ್ಮನ ವಿಟಮಿನ್ ಡಿ ಮಾತ್ರೆಯ ದಿನ. ವಾರಕ್ಕೊಂದೇ, ಆದ್ರೆ ಒಂದರಲ್ಲೇ 60,000 ಯೂನಿಟ್. ಮೊನ್ನೆ ನೋಡಿದ್ರೆ ಸ್ಟ್ರಿಪ್ಪು ಮಂಚದ ಕೆಳಗೆ ಚಿಂದಿಯಾಗಿ ಬಿದ್ದಿತ್ತು. ಮೂರು ಮಾತ್ರೆ ನಾಪತ್ತೆ. ಪಕ್ಕದಲ್ಲೇ ನಮ್ಮ 10 ಕೆ.ಜಿ. ತೂಕದ ಕರಿಯ, ಬಾಲ ಅಲ್ಲಾಡಿಸ್ತಾ ನಿಂತಿದ್ದ!

"ಉಪ್ಪುನೀರು ಕುಡಿಸೋ, ವಾಂತಿ ಆಗತ್ತೆ" ಅಂದ್ಲು ಅಮ್ಮ. "ಆರಾಮಾಗೇ ಇದಾನಲ್ಲಮ್ಮ, ವಿಟಮಿನ್ ತಾನೇ" ಅಂದೆ ನಾನು. ಯಾವುದಕ್ಕೂ ಇರಲಿ ಅಂತ ನಾಯಿ ಡಾಕ್ಟರಿಗೆ ಫೋನ್ ಮಾಡಿದೆ. ಏನು ತಿಂತು, ಎಷ್ಟು, ಯಾವಾಗ, ತೂಕ ಎಷ್ಟು... ಇಷ್ಟೇ ಕೇಳಿದ್ರು. "ಉಪ್ಪು ಮಾತ್ರ ಬೇಡ, ಹೆಚ್ಚಾದ್ರೆ ಅದೂ ವಿಷವೇ. ಸ್ಟ್ರಿಪ್ ಹಿಡ್ಕೊಂಡು ಈಗಲೇ ಬನ್ನಿ."

ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದ್ರು. ಆಮೇಲೆ ಲೆಕ್ಕ ಹೇಳಿದ್ರು: ನಾಯಿಗೆ ಕೆ.ಜಿ. ತೂಕಕ್ಕೆ ಸುಮಾರು 4,000 ಯೂನಿಟ್ ದಾಟಿದ್ರೇ ತೊಂದರೆ ಶುರುವಾಗಬಹುದು. ಕರಿಯ ತಿಂದಿದ್ದು 18,000! ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡತ್ತೆ. ಆದ್ರೆ ಅದು ಕಣ್ಣಿಗೆ ಕಾಣೋದು ಒಂದೆರಡು ದಿನ ಕಳೆದ ಮೇಲೆ.

ನಾಲ್ಕು ದಿನ ರಕ್ತ ಪರೀಕ್ಷೆ ಆಯ್ತು. ಕರಿಯ ಉಳಿದ. ಅವನ ಬಾಲ ನೋಡ್ಕೊಂಡು ನಾನು ಸುಮ್ಮನಿದ್ದಿದ್ರೆ?

ಈಗ ಅಮ್ಮನ ಮಾತ್ರೆ ಬೀರುವಿನೊಳಗೆ. ಬೀಗದ ಕೈ ಅವಳ ಸೊಂಟದಲ್ಲಿ.