ಬೇಟೆನಾಯಿಗೆ ಸಲ್ಲುವ ಪಾಲು

ಅನ್ಯರ ನಾಯಿಗಳು ಅಟ್ಟಿ ತಂದ ಮೃಗಕ್ಕೆ ನಡುವೆ ಬಂದವನು ಬಾಣವಿಡಬಾರದೆಂಬುದು ಬೇಟೆಗಾರರ ಹಳೆಯ ಮರ್ಯಾದೆ. ವನಪರ್ವದಲ್ಲಿ ಒಂದೇ ಹಂದಿಗೆ ಅರ್ಜುನನೂ ಕಿರಾತನೂ ಬಾಣವೆಸೆದು, ಅದು ಯಾರದೆಂದು ಕಾದಾಡಿದರಷ್ಟೆ. ಅಲ್ಲಿ ನಾಯಿಯ ಮಾತಿಲ್ಲ. ಇದ್ದಿದ್ದರೆ ವ್ಯಾಜ್ಯವು ಇನ್ನೂ ಬೆಳೆಯುತ್ತಿತ್ತೋ ಏನೋ!

ಮದ್ದೂರು ಸೀಮೆಯ ಆತಕೂರಿನಲ್ಲಿ, ಸುಮಾರು ಕ್ರಿ. ಶ. 950ರಲ್ಲಿ, ನಡೆದ ರೀತಿಯೇ ಬೇರೆ. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನು ಬೇಡಿದುದು ಕಾಳಿಯೆಂಬ ನಾಯನ್ನು. ಬೆಳತೂರ ಪಡುವಣ ಮೊರಡಿಯಲ್ಲಿ ಅದನ್ನು ಹಿರಿಯ ಹಂದಿಯ ಮೇಲೆ ಬಿಡಲಾಗಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಹಂದಿಯನ್ನು ತಾನು ಕೊಂದೆನೆಂದು ಆತನು ಬರೆಯಿಸಲಿಲ್ಲ. ಚಲ್ಲೇಶ್ವರನ ಮುಂದೆ ನಾಯಿಗಾಗಿ ಕಲ್ಲು ನೆಡಿಸಿ, ಭೂಮಿಯನ್ನೂ ಬಿಟ್ಟನು. ಅದನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಕೂಡದೆಂಬ ಕಟ್ಟಳೆಯೂ ಉಂಟು. ಆ ಕಲ್ಲು ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿಯೂ ಹಂದಿಯೂ ಇನ್ನೂ ಸೆಣಸುತ್ತಲೇ ಇವೆ.