ಶೆಟ್ಟಿಹಳ್ಳಿಯ ಗೋಡೆಗಳ ನಡುವೆ ಒಂದು ಶನಿವಾರ

ಹಾಸನದಿಂದ ಶೆಟ್ಟಿಹಳ್ಳಿಗೆ ಸುಮಾರು 20 ಕಿಲೋಮೀಟರ್ ದಾರಿ. ಕೊಯ್ಲಾದ ಹೊಲಗಳು, ನೀಲಗಿರಿ ತೋಪುಗಳು, ನಡುನಡುವೆ ಒಂದೊಂದು ಹಳ್ಳಿ ದಾಟಿಕೊಂಡು ಹೋದರೆ ಎದುರಿಗೆ ಹೇಮಾವತಿಯ ಹಿನ್ನೀರು ಕಾಣಿಸುತ್ತದೆ. ಅದರ ಅಂಚಿನಲ್ಲಿ, ಮಾಡಿಲ್ಲದ, ಬಾಗಿಲಿಲ್ಲದ, ಚೂಪು ಕಮಾನುಗಳ ಒಂದು ದೊಡ್ಡ ಕಟ್ಟಡದ ಅಸ್ಥಿಪಂಜರ ನಿಂತಿದೆ. ಜಪಮಾಲೆ ಮಾತೆಯ ಹೆಸರಿನ ಈ ಚರ್ಚನ್ನು 1860ರಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ಮಳೆಗಾಲದಲ್ಲಿ ಇದರ ಬಹುಭಾಗ ಮುಳುಗುತ್ತದೆ, ಬೇಸಿಗೆಯಲ್ಲಿ ಹೊರಬರುತ್ತದೆ. ‘ಮುಳುಗುವ ಚರ್ಚು’ ಎಂದು ಇಂದು ಬೆಂಗಳೂರಿನವರೆಗೂ ಹೆಸರಾಗಿದೆ. ನಮ್ಮ ಕಡೆಯ ಹಿರಿಯರಿಗೆ ಮಾತ್ರ ಅದು ಈಗಲೂ ಬರೀ ‘ಗುಡಿ’.

ಕಳೆದ ಫೆಬ್ರುವರಿಯ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೊರಟೆ. ಅವಳಾಗಿ ಬರುತ್ತೇನೆಂದಿರಲಿಲ್ಲ, ನಾನೇ ಒತ್ತಾಯ ಮಾಡಿದ್ದೆ. ಹಿಂದಿನ ಜೂನ್‌ನಲ್ಲಿ ನೀಟ್ ಪರೀಕ್ಷೆಯ ಫಲಿತಾಂಶ ಬಂದಾಗಿನಿಂದ ಅವಳು ಮನೆಯ ಸಂಜೆ ಪ್ರಾರ್ಥನೆಗೆ ಕೂರುವುದನ್ನು ಬಿಟ್ಟಿದ್ದಳು. ಜಗಳವಿಲ್ಲ, ಮಾತಿಲ್ಲ, ಆ ಹೊತ್ತಿಗೆ ಸರಿಯಾಗಿ ಒಳಕೋಣೆಗೆ ಹೋಗಿ ಪುಸ್ತಕ ತೆರೆಯುತ್ತಿದ್ದಳು. ವೈದ್ಯಕೀಯ ಸೀಟು ತಪ್ಪಿ ಬಿಎಸ್ಸಿಗೆ ಸೇರಿದ್ದಳು. ಬಿಎಸ್ಸಿ ಓದಿ, ಬಿಎಡ್ ಮಾಡಿ ಮೂವತ್ತು ವರ್ಷ ಪಾಠ ಹೇಳಿದ ಅಪ್ಪನ ಮುಂದೆ ‘ಬರೀ ಬಿಎಸ್ಸಿ’ ಎಂದು ಬಾಯಿಬಿಟ್ಟು ಹೇಳದಿದ್ದುದೇ ಅವಳ ದೊಡ್ಡತನ.

ತಪ್ಪು ನನ್ನದೂ ಇತ್ತು. ಪರೀಕ್ಷೆಗೆ ಮುಂಚಿನ ಆರು ತಿಂಗಳು ದಿನವೂ ನಾನು ಅವಳಿಗೆ ಹೇಳಿದ್ದು ಒಂದೇ ಮಾತು: ‘ಚೆನ್ನಾಗಿ ಓದು, ಭಕ್ತಿಯಿಂದ ಪ್ರಾರ್ಥನೆ ಮಾಡು, ದೇವರು ಕೊಟ್ಟೇ ಕೊಡ್ತಾನೆ.’ ಮಾರ್ಚ್ ಬಂತೆಂದರೆ ನಮ್ಮ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುವ ಮಕ್ಕಳ ಸಾಲು ಉದ್ದವಾಗುತ್ತದೆ. ಗಣಪತಿ ಗುಡಿಯಲ್ಲೂ ದರ್ಗಾದಲ್ಲೂ ಅದೇ ಸಾಲು. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಪ್ರವೇಶಪತ್ರವನ್ನು ದೇವರ ಮುಂದಿಟ್ಟು ಬರುವ ತಂದೆತಾಯಿಯರು, ನನ್ನನ್ನೂ ಸೇರಿಸಿ, ದೇವರನ್ನು ಒಬ್ಬ ಉದಾರಿ ಮೌಲ್ಯಮಾಪಕನನ್ನಾಗಿ ಮಾಡಿಬಿಡುತ್ತೇವೆ. ಅಂಕ ಬಾರದಿದ್ದಾಗ ಮಗು ಯಾರ ಮೇಲೆ ಮುನಿಸಿಕೊಳ್ಳಬೇಕು?

ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿ ನೋಡಿದೆವು. ನೀರು ಬಹಳ ಹಿಂದೆ ಸರಿದಿತ್ತು. ಮಳೆಗಾಲದಲ್ಲಿ ತೆಪ್ಪ ಹೋಗುವ ಜಾಗದಲ್ಲಿ ದನ ಮೇಯುತ್ತಿದ್ದವು. ಹೂಳು ಒಣಗಿ, ನಮ್ಮ ಪಠ್ಯಪುಸ್ತಕದ ಬರಗಾಲದ ಚಿತ್ರದ ಹಾಗೆ ಬಿರುಕು ಬಿಟ್ಟಿತ್ತು. ನೋಡಲು ಹೋಗುವವರಿಗೆ ಒಂದು ಮಾತು: ಡಿಸೆಂಬರಿನಿಂದ ಮೇ ತಿಂಗಳೊಳಗೆ ಹೋದರೆ ಒಳಗೆಲ್ಲ ನಡೆದಾಡಬಹುದು. ಜುಲೈನಿಂದ ಅಕ್ಟೋಬರಿನವರೆಗೆ ಹೋದರೆ ದೂರದಿಂದಲೇ ನೋಡಬೇಕು, ಆದರೆ ನೀರಿನ ನಡುವಿನ ಆ ನೋಟ ಮರೆಯುವಂಥದ್ದಲ್ಲ. ಯಾವಾಗ ಹೋದರೂ ಗೋಡೆಗೆ ಒರಗಬೇಡಿ, ಹತ್ತಬೇಡಿ. ಮೊಳೆಯಿಂದ ಹೆಸರು ಕೊರೆಯುವ ಪ್ರೇಮಿಗಳಿಗೆ ಏನು ಹೇಳಿದರೂ ನಾಟುವುದಿಲ್ಲ, ಅವರನ್ನು ಬಿಟ್ಟಿದ್ದೇನೆ.

ಒಳಗೆ ಕಾಲಿಟ್ಟರೆ ತಲೆಯ ಮೇಲೆ ಆಕಾಶ. ಎರಡೂ ಬದಿ ಕಮಾನುಗಳು, ಗಾರೆ ಉದುರಿ ಹೊರಬಿದ್ದ ಇಟ್ಟಿಗೆ. ಬೆಲ್ಲ, ಕೋಳಿಮೊಟ್ಟೆ ಬೆರೆಸಿದ ಗಾರೆಯಿಂದ ಕಟ್ಟಿದ್ದು ಎಂದು ಹೇಳುವವರಿದ್ದಾರೆ. ಅದೇನೇ ಇರಲಿ, ಸುಣ್ಣದ ಗಾರೆ ಮಾತ್ರ ಹತ್ತನೆಯ ತರಗತಿಯ ಮಕ್ಕಳು ಬಂದು ನೋಡಬೇಕಾದ ವಸ್ತು. ಸಿಮೆಂಟಿನ ಹಾಗೆ ಅದು ಒಂದೆರಡು ದಿನದಲ್ಲಿ ಬಿಗಿಯುವುದಿಲ್ಲ. ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ; ಎಂದರೆ ಸುಟ್ಟ ಸುಣ್ಣದಕಲ್ಲು ಮತ್ತೆ ಕಲ್ಲೇ ಆಗುತ್ತದೆ. ಗಾಳಿಯಲ್ಲಿ ಆ ಅನಿಲ ಇರುವುದು ಶೇಕಡಾ 0.04ರಷ್ಟು ಮಾತ್ರ. ಹಾಗಾಗಿ ದಪ್ಪ ಗೋಡೆಯ ಒಳಗಿನ ಗಾರೆ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ. ಸದಾ ನೀರಿನಲ್ಲೇ ಇದ್ದಿದ್ದರೆ ಈ ಗೋಡೆಗಳು ಇಷ್ಟು ಸೊರಗುತ್ತಿರಲಿಲ್ಲವೇನೋ. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವುದೇ ದೊಡ್ಡ ಪೆಟ್ಟು.

ನಾನು ಹೀಗೆ ಪಾಠ ಹೇಳುತ್ತಿರುವಾಗ ಮಗಳು ತಡೆದಳು. ‘ಅಪ್ಪಾ, ಪ್ರಯೋಗದಲ್ಲಿ ಸಾಬೀತಾಗದ್ದನ್ನ ನಂಬಬೇಡಿ ಅಂತ ಕ್ಲಾಸಲ್ಲಿ ಹೇಳ್ತೀರಲ್ಲ. ನಾನು ಆರು ತಿಂಗಳು ಪ್ರಯೋಗ ಮಾಡಿದೆ. ಸಾಬೀತಾಗಲಿಲ್ಲ.’

ಮೂವತ್ತು ವರ್ಷದ ನನ್ನ ಮಾಸ್ತರಿಕೆಯಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆ ಕೇಳಿರಲಿಲ್ಲ. ಉತ್ತರ ತಕ್ಷಣ ಹೊಳೆಯಲಿಲ್ಲ. ಹಿಂದೆ ಪೀಠವಿದ್ದ ತುದಿಯಲ್ಲಿ, ಬಿದ್ದ ಇಟ್ಟಿಗೆಗಳ ಗುಡ್ಡೆಯ ಪಕ್ಕದ ನೆರಳಿನಲ್ಲಿ ಕುಳಿತೆವು. ಉತ್ತರದ ಬದಲು, ಅದುವರೆಗೆ ಅವಳಿಗೆ ಹೇಳದಿದ್ದ ಒಂದು ಸಂಗತಿ ಹೇಳಿದೆ.

ನನ್ನ ಅಜ್ಜಿಯ ಮನೆ ಈ ಸುತ್ತಿನ ಒಂದು ಸಣ್ಣ ಹಳ್ಳಿಯಲ್ಲಿತ್ತು. ಎರಡು ಎಕರೆ ಗದ್ದೆ, ನಾಲ್ಕು ದನ. ಅಣೆಕಟ್ಟು ಪೂರ್ಣವಾದ 1979ರಲ್ಲಿ ನನಗೆ ಒಂಬತ್ತು ವರ್ಷ. ನೀರು ಬರುತ್ತದಂತೆ, ಗದ್ದೆ ಹೋಗುತ್ತದಂತೆ, ಗುಡಿಯೂ ಹೋಗುತ್ತದಂತೆ ಎಂದು ದೊಡ್ಡವರು ಮಾತಾಡುವುದನ್ನು ಕೇಳಿ ನಾನು ಒಂಬತ್ತು ದಿನದ ನವೇನ ಹಿಡಿದೆ. ಪ್ರಾರ್ಥನೆ ಒಂದೇ: ನೀರು ಬರಬಾರದು. ಒಂಬತ್ತನೆಯ ದಿನ ಮುಗಿದ ಮೇಲೆ ಗೆದ್ದವನ ಹಾಗೆ ಓಡಾಡಿಕೊಂಡಿದ್ದೆ. ಮಳೆ ಬಂತು, ನೀರೂ ಬಂತು. ಅವಸರವಿಲ್ಲದೆ, ದಿನಕ್ಕೊಂದು ಬದು ಮುಳುಗಿಸುತ್ತಾ ಬಂತು. ಗದ್ದೆ ಹೋಯಿತು. ಅಜ್ಜಿ ತಗಡಿನ ಪೆಟ್ಟಿಗೆ, ಒರಳು, ಗೋಡೆಯ ಮೇಲಿದ್ದ ಮಾತೆಯ ಪಟ ಹೊತ್ತುಕೊಂಡು ಎತ್ತರದ ಊರಿಗೆ, ನಮ್ಮ ಮನೆಗೆ ಬಂದಳು.

ಅಂದು ರಾತ್ರಿ ಜಪಸರ ಶುರುವಾದಾಗ ನಾನು ಬಾಯಿ ಬಿಗಿದು ಕುಳಿತೆ. ಅಪ್ಪ ಕಣ್ಣು ಕೆರಳಿಸಿದರು. ಅಜ್ಜಿ ಅವರನ್ನು ಸುಮ್ಮನಿರಿಸಿ, ಬುಡ್ಡಿ ದೀಪವನ್ನು ನನ್ನ ಕೈಗೆ ಕೊಟ್ಟು ಹೇಳಿದಳು: ‘ಬಾಯಿ ಬಿಡಬ್ಯಾಡ ಬಿಡು ಮಗಾ. ದೀಪ ಹಿಡ್ಕಂಡು ಕೂತ್ಕೊ. ನಿನ್ ಪಾಲಿಂದು ನಾನೇ ಹೇಳ್ತೀನಿ.’

ಕ್ರೈಸ್ತರಲ್ಲದ ಓದುಗರಿಗೆ ಇಲ್ಲಿ ಸ್ವಲ್ಪ ವಿವರ ಬೇಕು. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪುಗಳಿರುತ್ತವೆ. ಒಂದೊಂದು ಮಣಿಗೂ ಮರಿಯಮ್ಮನಿಗೆ ಸಲ್ಲುವ ಒಂದು ಪ್ರಾರ್ಥನೆ. ಅದಕ್ಕೆ ಎರಡು ಭಾಗ. ಮೊದಲ ಭಾಗವನ್ನು ಒಬ್ಬರು ಹೇಳಿದರೆ, ಎರಡನೆಯ ಭಾಗವನ್ನು ಉಳಿದವರು ಹೇಳಿ ಮುಗಿಸಬೇಕು. ಪ್ರತಿ ಗುಂಪಿನ ಆರಂಭದಲ್ಲಿ ಯೇಸುವಿನ, ಮಾತೆಯ ಬಾಳಿನ ಒಂದು ಘಟನೆಯನ್ನು ನೆನೆಯುತ್ತಾರೆ. ಇವಕ್ಕೆ ರಹಸ್ಯಗಳೆಂದು ಹೆಸರು. ಅಜ್ಜಿ ಅಂದಿನಿಂದ ಮೊದಲರ್ಧ ಹೇಳಿ, ಮನೆಯವರ ಜೊತೆ ಎರಡನೆಯರ್ಧವನ್ನೂ ಹೇಳತೊಡಗಿದಳು. ಅದು ನನ್ನ ಪಾಲು. ಹೀಗೇ ಎರಡು ತಿಂಗಳು. ದೀಪ ಹಿಡಿದು ನಾನು ಬೇಡವೆಂದರೂ ಕೇಳಿಸಿಕೊಳ್ಳುತ್ತಿದ್ದೆ.

ಕೊನೆಯಲ್ಲಿ ಅವಳು ಒಬ್ಬೊಬ್ಬರ ಹೆಸರು ಹಿಡಿದು ಬೇಡುತ್ತಿದ್ದಳು. ಮಾರಿಹೋದ ದನಗಳು, ಊರು ಬಿಟ್ಟು ಚದುರಿದ ನೆರೆಯವರು, ಹೆರಿಗೆಗೆ ಹೋದ ಮಗಳು. ಒಂದು ದಿನ ಆ ಪಟ್ಟಿಯಲ್ಲಿ ‘ಕಟ್ಟೆ ಕೆಲಸದಾಗೆ ಕಲ್ಲು ಹೊತ್ತ ಕೂಲಿ ಮಕ್ಕಳು’ ಕೂಡ ಬಂದರು. ಗದ್ದೆ ಮುಳುಗಿಸಿದ ಅಣೆಕಟ್ಟಿಗೆ ಕಲ್ಲು ಹೊತ್ತವರು! ನನಗೆ ಸಿಟ್ಟು ಬಂತು. ಗದ್ದೆ ವಾಪಸು ಕೊಡು ಎಂದು ಅವಳು ಒಮ್ಮೆಯೂ ಕೇಳಿದ್ದನ್ನು ನಾನು ಕೇಳಲಿಲ್ಲ. ಅಳಲಿಲ್ಲವೆಂದಲ್ಲ, ನೀರಿನ ಕಡೆ ಮುಖ ಮಾಡಿ ಅತ್ತದ್ದನ್ನು ನೋಡಿದ್ದೇನೆ. ಅತ್ತು, ಮುಖ ತೊಳೆದುಕೊಂಡು, ಐದು ಗಂಟೆಗೆ ಎದ್ದು ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು.

‘ಮತ್ತೆ ನೀವು ಯಾವಾಗ ಶುರು ಮಾಡಿದಿರಿ?’ ಎಂದಳು ಮಗಳು.

ಒಂದು ರಾತ್ರಿ ಅಜ್ಜಿಗೆ ಕೆಮ್ಮು ಹತ್ತಿತು. ಅಪ್ಪ ಅಮ್ಮ ಇಬ್ಬರೂ ಮದುವೆಗೆ ಹೋಗಿದ್ದರು, ನಾವಿಬ್ಬರೇ. ಒಂದು ಮಣಿಯ ಮೊದಲರ್ಧ ಹೇಳಿದವಳಿಗೆ ಮುಂದಕ್ಕೆ ಉಸಿರು ಸಾಲಲಿಲ್ಲ. ಎರಡನೆಯರ್ಧ ನನ್ನ ಬಾಯಿಂದ ತಾನಾಗಿ ಬಂತು. ಬಂದುಹೋದ ಮೇಲೆ ನನಗೇ ನಾಚಿಕೆಯಾಯಿತು. ಅಜ್ಜಿ ಏನೂ ಆಗದವಳಂತೆ ಮುಂದಿನ ಮಣಿ ಹಿಡಿದಳು. ಅಷ್ಟೇ. ದರ್ಶನವಿಲ್ಲ, ಪವಾಡವಿಲ್ಲ. ನೀರು ಇಳಿಯಲೂ ಇಲ್ಲ.

ಮುಂದೆ ನಾನು ಮಾಸ್ತರನಾಗಿ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೋದಾಗ ನಾಲೆಯಲ್ಲಿ ಹರಿದು ಬರುತ್ತಿದ್ದ ನೀರನ್ನು ತೋರಿಸಿ, ‘ಸಾರ್, ನಿಮ್ಮ ಕಡೆಯ ಹೇಮಾವತಿ’ ಎಂದರು. ಕೆರೆ ತುಂಬಿದ ದಿನ ಶಾಲೆಯ ಮಕ್ಕಳೆಲ್ಲ ಓಡಿಹೋಗಿ ನೋಡಿದ್ದರು, ನಾನೂ ಓಡಿದ್ದೆ. ನನ್ನ ನವೇನ ಫಲಿಸಿದ್ದರೆ ಆ ಕೆರೆಗೆ ನೀರು ಬರುತ್ತಿರಲಿಲ್ಲ. ಇದನ್ನು ಸಮಾಧಾನವೆಂದು ಹೇಳುತ್ತಿಲ್ಲ. ತುಮಕೂರಿನ ತೆಂಗು ಹಸಿರಾದ ಮಾತ್ರಕ್ಕೆ ಅಜ್ಜಿಯ ಗದ್ದೆ ಮರಳಿ ಬರುವುದಿಲ್ಲ. ಆದರೆ ಒಂದೇ ನೀರಿಗಾಗಿ, ಒಂದೇ ಕಾಲದಲ್ಲಿ, ಇಲ್ಲೊಬ್ಬ ಹುಡುಗ ಬಾರದಿರಲಿ ಎಂದೂ ಅಲ್ಲೊಬ್ಬ ರೈತ ಬರಲಿ ಎಂದೂ ಬೇಡಿಕೊಂಡಿರಬಹುದು ಎನ್ನುವುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

‘ಹಾಗಾದರೆ ಕೇಳಲೇಬಾರದಾ?’ ಮಗಳು ಬಿಡುವ ಪೈಕಿಯಲ್ಲ.

ಕೇಳಬಾರದೆಂದು ನಮ್ಮ ಧರ್ಮ ಹೇಳುವುದಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅಂದಂದಿನ ಆಹಾರವನ್ನು ಕೇಳುವ ಮಾತಿದೆ. ವರ್ಷದ ದಾಸ್ತಾನಲ್ಲ, ಆ ದಿನದ್ದು. ಆತನೇ ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮೊಣಕಾಲೂರಿ, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ತಪ್ಪಿಹೋಗಲಿ ಎಂದು ಬೇಡಿದ. ಆದರೂ ನನ್ನ ಇಷ್ಟದಂತೆ ಬೇಡ, ನಿನ್ನ ಇಷ್ಟದಂತಾಗಲಿ ಎಂದ. ಪಾತ್ರೆ ತಪ್ಪಲಿಲ್ಲ. ಕೇಳಿದ್ದು ಸಿಗದ ಆ ರಾತ್ರಿಯನ್ನೇ ಜಪಸರದಲ್ಲಿ ದುಃಖದ ರಹಸ್ಯಗಳ ಮೊದಲನೆಯದಾಗಿ ಇಟ್ಟಿದ್ದಾರೆ. ವಾರಕ್ಕೆ ಎರಡು ದಿನ ಅದನ್ನು ಹೇಳುತ್ತಲೇ ಬಂದ ನಾನು, ಮಗಳಿಗೆ ಮಾತ್ರ ‘ಕೊಟ್ಟೇ ಕೊಡ್ತಾನೆ’ ಎಂದಿದ್ದೆ. ಅದನ್ನೂ ಅವಳಿಗೆ ಹೇಳಿದೆ. ತಂದೆ ಮಗಳ ಮುಂದೆ ತಪ್ಪೊಪ್ಪಿಕೊಳ್ಳುವುದು ಪಾಪನಿವೇದನೆಯ ಪೆಟ್ಟಿಗೆಗಿಂತ ಕಷ್ಟ.

ಪ್ರಯೋಗದ ಮಾತಿಗೂ ಒಂದಿಷ್ಟು ಪ್ರಯತ್ನಪಟ್ಟೆ. ಪ್ರಯೋಗಶಾಲೆಯಲ್ಲಿ ನಾವು ವಸ್ತುವನ್ನು ಪರೀಕ್ಷಿಸುತ್ತೇವೆ. ಮನೆಯಲ್ಲಿ ಅಮ್ಮ ಅನ್ನ ಬಡಿಸುವಾಗ ಹಾಗೆ ಪರೀಕ್ಷಿಸುತ್ತೇವೆಯೇ, ಅವಳನ್ನು ನಂಬಿ ಉಣ್ಣುತ್ತೇವಲ್ಲವೇ ಎಂದೆ. ‘ಅಮ್ಮ ಕಣ್ಣಿಗೆ ಕಾಣ್ತಾಳಲ್ಲ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಅಜ್ಜಿಯನ್ನು ಕಣ್ಣಾರೆ ಕಂಡಿದ್ದೇನೆ ಎಂಬುದಷ್ಟೇ ನನ್ನ ಸಾಕ್ಷ್ಯ.

ಅಷ್ಟರಲ್ಲಿ ಕಾರಿನಲ್ಲಿ ಒಂದು ಗುಂಪು ಬಂತು. ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿ; ತಲೆಯ ಮೇಲೆ ಡ್ರೋನ್ ಜೇನುಹುಳದಂತೆ ಗುಯ್‌ಗುಡತೊಡಗಿತು. ನಾವು ಎದ್ದೆವು. ಹೊರಡುವ ಮುಂಚೆ ಮಗಳು ಗೋಡೆಯ ಬುಡದಿಂದ ಉದುರಿದ ಗಾರೆಯ ಒಂದು ಚೂರು ಎತ್ತಿಕೊಂಡು, ಬೆರಳಲ್ಲಿ ಉಜ್ಜಿ ನೋಡಿ, ಇದ್ದಲ್ಲೇ ಇಟ್ಟಳು. ‘ಆಸಿಡ್ ಹಾಕಿದ್ರೆ ಗುಳ್ಳೆ ಬರತ್ತೆ ಅಲ್ವಾ?’ ಎಂದಳು. ಬರುತ್ತದೆ ಎಂದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಏಳೂವರೆಗೆ ಪ್ರಾರ್ಥನೆಗೆ ನಾನೂ ನನ್ನ ಹೆಂಡತಿಯೂ ಕುಳಿತೆವು. ಮಗಳು ಎಂದಿನಂತೆ ಒಳಕೋಣೆಗೆ ಹೋದಳು. ಬಾ ಎಂದು ಕರೆಯಬೇಕೆಂದು ಹೆಂಡತಿ ಬಾಯಿ ತೆರೆದಾಗ ಬೇಡವೆಂದು ಸನ್ನೆ ಮಾಡಿದೆ. ಅವಳ ಪಾಲಿನದನ್ನೂ ನಾನೇ ಹೇಳುವುದೆಂದು ದಾರಿಯಲ್ಲೇ ನಿಶ್ಚಯಿಸಿಕೊಂಡಿದ್ದೆ. ತಲೆಯ ತುಂಬ ಅಜ್ಜಿಯೇ ಇದ್ದುದರಿಂದಲೋ ಏನೋ, ಶನಿವಾರಕ್ಕೆ ಅವಳು ಹೇಳುತ್ತಿದ್ದ ಮಹಿಮೆಯ ರಹಸ್ಯಗಳನ್ನೇ ಶುರುಮಾಡಿಬಿಟ್ಟೆ. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ರಹಸ್ಯಗಳೆಂಬ ಹೊಸ ಗುಂಪನ್ನು ಸೇರಿಸಿ ಗುರುವಾರಕ್ಕೆ ಇಟ್ಟಾಗ, ಗುರುವಾರದ ಸಂತೋಷದ ರಹಸ್ಯಗಳು ಶನಿವಾರಕ್ಕೆ ಬಂದವು. ಅಜ್ಜಿ ಅದಕ್ಕೆ ಎಷ್ಟೋ ಮುಂಚೆ ತೀರಿಕೊಂಡಿದ್ದಳು. ಅವಳ ಪಂಚಾಂಗವೇ ಬೇರೆ.

ಮೊದಲನೆಯ ಮಣಿ ಹಿಡಿದಿದ್ದೆನಷ್ಟೆ. ಒಳಕೋಣೆಯಿಂದ, ಪುಸ್ತಕದಿಂದ ತಲೆಯೆತ್ತದೆ ಹೇಳಿದ ಹಾಗೆ, ದನಿ ಬಂತು:

‘ಅಪ್ಪಾ, ಇವತ್ತು ಶನಿವಾರ. ಸಂತೋಷದ ರಹಸ್ಯ.’